ಕಾಂತಕ್ಷೇತ್ರದ ಕಣದಲ್ಲಿ ಎಲೆಕ್ಟ್ರಾನುಗಳು

ಕಾಲೇಜಿನ ಭೌತವಿಜ್ಞಾನ ಪ್ರಯೋಗಶಾಲೆಗಳಲ್ಲಿ ಹಾಲ್ ಪರಿಣಾಮದ ಪ್ರಯೋಗವೆಂಬುದೊಂದುಂಟು. ಅರೆವಾಹಕದ ಒಂದು ತೆಳುವಾದ ಬಿಲ್ಲೆಯಲ್ಲಿ ಉದ್ದಕ್ಕೆ ವಿದ್ಯುತ್ತನ್ನು ಹರಿಯಿಸಿ, ಆ ಬಿಲ್ಲೆಯನ್ನು ವಿದ್ಯುದಯಸ್ಕಾಂತದ ಎರಡು ಧ್ರುವಗಳ ನಡುವೆ ಇಡುತ್ತೇವೆ. ಆಗ ಬಿಲ್ಲೆಯ ಅಡ್ಡಕ್ಕೆ ಒಂದು ಸಣ್ಣ ವೋಲ್ಟೇಜು ಹುಟ್ಟುತ್ತದೆ. ಕಾಂತಕ್ಷೇತ್ರವನ್ನು ಹೆಚ್ಚಿಸಿದಷ್ಟೂ ವೋಲ್ಟೇಜೂ ಹೆಚ್ಚುತ್ತದೆ. ಅಳತೆಗಳನ್ನು ಗ್ರಾಫ್ ಕಾಗದದ ಮೇಲೆ ಗುರುತಿಸಿದರೆ ಚುಕ್ಕೆಗಳೆಲ್ಲ ಹೆಚ್ಚು ಕಡಿಮೆ ಒಂದು ಸರಳರೇಖೆಯ ಮೇಲೆ ಬೀಳುತ್ತವೆ. ಹೆಚ್ಚು ಕಡಿಮೆ ಎಂದೆವು. ಏಕೆಂದರೆ ಒಂದೆರಡು ಚುಕ್ಕೆಗಳು ಸಾಲು ಬಿಟ್ಟು ಆಚೀಚೆ ನಿಲ್ಲುವುದು ವಾಡಿಕೆ. ನಾವು ಎಂ.ಎಸ್‌ಸಿ. ವಿದ್ಯಾರ್ಥಿಗಳಾಗಿದ್ದಾಗ ಅಂಥ ಚುಕ್ಕೆಯೊಂದನ್ನು ರಬ್ಬರಿನಿಂದ ಉಜ್ಜಿ ತೆಗೆದು, ರೇಖೆಯ ಮೇಲೆಯೇ ಬೇರೊಂದನ್ನು ಇಟ್ಟು, ಒಳ್ಳೆಯ ಅಂಕಗಳನ್ನೂ ಪಡೆದೆವು. ಇಂದು ಅದೇ ಪ್ರಯೋಗವನ್ನು ಕಲಿಸತಕ್ಕ ಸ್ಥಾನದಲ್ಲಿ ನಿಂತಾಗ ಆ ರಬ್ಬರಿನ ನೆನಪು ನಮ್ಮನ್ನು ನಾಚಿಸುತ್ತದೆ.

ನಾಚಿಕೆಗೆ ಕಾರಣವಿದೆ. ಇದೇ ಪ್ರಯೋಗವನ್ನು ಹಲವು ಹತ್ತು ಪಟ್ಟು ಬಲವಾದ ಕಾಂತಕ್ಷೇತ್ರದಲ್ಲಿ, ಅತಿಶೈತ್ಯದಲ್ಲಿ, ತಕ್ಕ ಪದಾರ್ಥವನ್ನು ಆರಿಸಿಕೊಂಡು ಮಾಡಿದರೆ ಸರಳರೇಖೆ ಉಳಿಯುವುದೇ ಇಲ್ಲ. ಕೆಲವು ಪದಾರ್ಥಗಳಲ್ಲಿ ರೇಖೆಯ ಮೇಲೆ ಅಲೆಗಳೇಳುತ್ತವೆ. ಕೆಲವದರಲ್ಲಿ ರೇಖೆ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಮೊದಲ ನೋಟಕ್ಕೆ ಉಪಕರಣದ ದೋಷದಂತೆ ತೋರುವ ಈ ಅಲೆಗಳೂ ಮೆಟ್ಟಿಲುಗಳೂ ಎಲೆಕ್ಟ್ರಾನುಗಳು ತಮ್ಮ ಲೆಕ್ಕವನ್ನು ತಾವೇ ಒಪ್ಪಿಸುವ ರೀತಿ. ಸುಮಾರು ನೂರು ವರ್ಷಗಳಿಂದ ವಿಜ್ಞಾನಿಗಳು ಹೆಚ್ಚು ಹೆಚ್ಚು ಬಲಿಷ್ಠವಾದ ಅಯಸ್ಕಾಂತಗಳನ್ನು ಕಟ್ಟುತ್ತ ಬಂದಿರುವುದು ಈ ಲೆಕ್ಕವನ್ನು ಓದುವುದಕ್ಕಾಗಿ. ಆ ಕಥೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಬಲವೆಂದರೆ ಎಷ್ಟು ಬಲ?

ಕಾಂತಕ್ಷೇತ್ರದ ಬಲವನ್ನು ಟೆಸ್ಲಾ ಎಂಬ ಮಾನದಿಂದ ಅಳೆಯುತ್ತಾರೆ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕ್ಷೇತ್ರ ನಮ್ಮ ನಾಡಿನಲ್ಲಿ ಸುಮಾರು ೦.೦೦೦೦೪ ಟೆಸ್ಲಾ. ಕಾಲೇಜಿನ ವಿದ್ಯುದಯಸ್ಕಾಂತ ಒಂದು ಟೆಸ್ಲಾವನ್ನು ಮುಟ್ಟಿದರೆ ಹೆಚ್ಚು. ಆಸ್ಪತ್ರೆಗಳಲ್ಲಿ ರೋಗಿಯನ್ನು ಒಳಗೆ ಮಲಗಿಸಿ ದೇಹದ ಚಿತ್ರ ತೆಗೆಯುವ ಎಂ.ಆರ್.ಐ. ಯಂತ್ರಗಳದು ಸಾಮಾನ್ಯವಾಗಿ ೧.೫ ಅಥವಾ ೩ ಟೆಸ್ಲಾ. ಈ ಲೇಖನದಲ್ಲಿ ನಾವು ಹೇಳಹೊರಟಿರುವ ಕ್ಷೇತ್ರಗಳು ೨೦, ೪೫, ೧೦೦ ಟೆಸ್ಲಾಗಳ ಮಟ್ಟದವು.

ಪದಾರ್ಥವನ್ನು ಪರೀಕ್ಷಿಸಲು ಕಾಂತಕ್ಷೇತ್ರವೇ ಏಕೆ ಬೇಕು? ಕಾಯಿಸಿದರೆ ಪರಮಾಣುಗಳೆಲ್ಲ ಅಲುಗಾಡಿ ಎಲೆಕ್ಟ್ರಾನುಗಳ ದಾರಿ ಕೆಡುತ್ತದೆ. ಬೇರೆ ಧಾತುವನ್ನು ಬೆರೆಸಿದರೆ ಪದಾರ್ಥವೇ ಬೇರೆಯಾಗುತ್ತದೆ. ಕಾಂತಕ್ಷೇತ್ರವಾದರೋ ಸ್ಫಟಿಕವನ್ನು ಮುಟ್ಟದೆಯೇ ಒಳಹೊಕ್ಕು ಎಲೆಕ್ಟ್ರಾನುಗಳ ಚಲನೆಯನ್ನೂ ಅವುಗಳ ಭ್ರಮಣವನ್ನೂ ನೇರವಾಗಿ ಹಿಡಿಯುತ್ತದೆ. ಬೇಕಾದಷ್ಟು ಹೆಚ್ಚಿಸಬಹುದು, ಬೇಡವಾದಾಗ ಸೊನ್ನೆಗೆ ಇಳಿಸಬಹುದು. ಸಾಮಾನ್ಯವಾಗಿ ಪದಾರ್ಥ ಮೊದಲಿದ್ದಂತೆಯೇ ಉಳಿಯುತ್ತದೆ. ಪ್ರಶ್ನೆ ಕೇಳುವುದಕ್ಕೆ ಇದಕ್ಕಿಂತ ಶುದ್ಧವಾದ ಸಾಧನ ಸಿಕ್ಕುವುದು ಕಷ್ಟ.

ಮೇಟಿಯ ಸುತ್ತ ಎತ್ತು

ಸುಗ್ಗಿಯ ಕಾಲದಲ್ಲಿ ಕಣದ ನಡುವೆ ಮೇಟಿಯನ್ನು ನೆಟ್ಟು, ಅದಕ್ಕೆ ಎತ್ತುಗಳನ್ನು ಕಟ್ಟಿ ತೆನೆ ತುಳಿಸುವುದನ್ನು ಹಳ್ಳಿಯ ವಾಚಕರು ಕಂಡೋ ಹಿರಿಯರಿಂದ ಕೇಳಿಯೋ ಇರಬಹುದು. ನೇರವಾಗಿ ನಡೆಯಬೇಕೆಂದಿರುವ ಎತ್ತನ್ನು ಹಗ್ಗ ಸದಾ ಪಕ್ಕಕ್ಕೆ ಎಳೆಯುವುದರಿಂದ ಅದು ಮೇಟಿಯ ಸುತ್ತ ಸುತ್ತುತ್ತದೆ. ಕಾಂತಕ್ಷೇತ್ರವು ಎಲೆಕ್ಟ್ರಾನಿಗೆ ಮಾಡುವುದೂ ಇದನ್ನೇ. ಚಲಿಸುತ್ತಿರುವ ಎಲೆಕ್ಟ್ರಾನನ್ನು ಅದು ಪಕ್ಕಕ್ಕೆ ತಳ್ಳುತ್ತದೆ; ಎಲೆಕ್ಟ್ರಾನು ವೃತ್ತದಲ್ಲಿ ತಿರುಗತೊಡಗುತ್ತದೆ. ಕ್ಷೇತ್ರ ಬಲವಾದಂತೆ ಹಗ್ಗ ಗಿಡ್ಡವಾಗುತ್ತದೆ, ಸುತ್ತು ಕಿರಿದಾಗುತ್ತದೆ.

ಆದರೆ ಕಣದ ತುಂಬ ಕಲ್ಲುಗಳು ಬಿದ್ದಿದ್ದರೆ? ಎತ್ತು ಒಂದು ಸುತ್ತನ್ನೂ ಪೂರೈಸದೆ ಎಡವುತ್ತದೆ. ಲೋಹದೊಳಗಿನ ಎಲೆಕ್ಟ್ರಾನಿನ ಪಾಡೂ ಅಷ್ಟೆ. ಸ್ಫಟಿಕದಲ್ಲಿರುವ ಅನ್ಯ ಪರಮಾಣುಗಳು ಬಿದ್ದ ಕಲ್ಲುಗಳಂತೆ. ಉಷ್ಣದಿಂದ ಅದುರುವ ಪರಮಾಣುಗಳು ಉರುಳಾಡುವ ಕಲ್ಲುಗಳಂತೆ. ಆದಕಾರಣ ಮೂರು ಅನುಕೂಲಗಳು ಕೂಡಿಬರಬೇಕು. ಸ್ಫಟಿಕ ಶುದ್ಧವಾಗಿರಬೇಕು. ಉಷ್ಣತೆ ತೀರ ಕೆಳಗಿರಬೇಕು. ಸಾಮಾನ್ಯವಾಗಿ ದ್ರವ ಹೀಲಿಯಮ್ಮಿನ ಉಷ್ಣತೆ, ಅಂದರೆ ಸೊನ್ನೆಗಿಂತ ೨೬೯ ಡಿಗ್ರಿ ಸೆಲ್ಸಿಯಸ್ ಕೆಳಗೆ. ಎಡವುವುದರೊಳಗೆ ಸುತ್ತು ಮುಗಿಯುವಷ್ಟು ಕ್ಷೇತ್ರವೂ ಬಲವಾಗಿರಬೇಕು.

ಸುತ್ತು ಪೂರ್ತಿಯಾದ ಕೂಡಲೇ ಕ್ವಾಂಟಮ್ ಸಿದ್ಧಾಂತ ತನ್ನ ಶಾಸನವನ್ನು ಹೇರುತ್ತದೆ. ಎಲೆಕ್ಟ್ರಾನು ಕಣವಾಗಿರುವಂತೆಯೇ ತರಂಗವೂ ಹೌದಷ್ಟೆ. ವೃತ್ತವನ್ನು ಸುತ್ತಿ ಬಂದ ತರಂಗದ ತಲೆ ತನ್ನ ಬಾಲಕ್ಕೆ ಸರಿಯಾಗಿ ಕೂಡಿಕೊಳ್ಳಬೇಕು. ಇಲ್ಲವಾದರೆ ತರಂಗ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಆದ್ದರಿಂದ ಎಲ್ಲ ಸುತ್ತುಗಳಿಗೂ ಅನುಮತಿಯಿಲ್ಲ, ಕೆಲವಕ್ಕೆ ಮಾತ್ರ. ಅದಕ್ಕೆ ತಕ್ಕಂತೆ ಎಲೆಕ್ಟ್ರಾನಿನ ಶಕ್ತಿಯೂ ಇಳಿಜಾರಿನಂತೆ ಬದಲಾಗದೆ ಮೆಟ್ಟಿಲುಗಳಂತೆ ಬದಲಾಗುತ್ತದೆ. ಈ ಮೆಟ್ಟಿಲುಗಳನ್ನು ೧೯೩೦ರಲ್ಲಿ ಲೆಕ್ಕ ಹಾಕಿ ತೋರಿಸಿದವನು ರಷ್ಯದ ಲೆವ್ ಲ್ಯಾಂಡೌ. ಅವನಿಗೆ ಆಗ ೨೨ ವರ್ಷ ವಯಸ್ಸು.

ಎರಡು ಸಂಗತಿಗಳನ್ನು ಇಲ್ಲಿ ನೆನಪಿನಲ್ಲಿಡಬೇಕು. ಮೊದಲನೆಯದು, ಕ್ಷೇತ್ರವನ್ನು ಹೆಚ್ಚಿಸಿದಷ್ಟೂ ಮೆಟ್ಟಿಲುಗಳ ನಡುವಣ ಎತ್ತರ ಹೆಚ್ಚುತ್ತದೆ. ಎರಡನೆಯದು, ಒಂದೊಂದು ಮೆಟ್ಟಿಲಿನ ಮೇಲೂ ಇಷ್ಟೇ ಎಲೆಕ್ಟ್ರಾನುಗಳು ನಿಲ್ಲಬಹುದೆಂಬ ಕಟ್ಟಳೆಯಿದೆ. ಚಪ್ಪಟೆಯಾದ ಪದರದಲ್ಲಿ ಒಂದು ಟೆಸ್ಲಾ ಕ್ಷೇತ್ರವಿದ್ದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ೨೪೦೦ ಕೋಟಿ. ಕ್ಷೇತ್ರ ಎರಡು ಟೆಸ್ಲಾ ಆದರೆ ಅದರ ಎರಡರಷ್ಟು. ಈ ಸಂಖ್ಯೆ ಪದಾರ್ಥ ಯಾವುದೆಂಬುದನ್ನು ಅವಲಂಬಿಸಿಲ್ಲ. ಇದರ ಮಹತ್ವ ಮುಂದೆ ತಿಳಿದುಬರುವುದು.

ಲೈಡನ್ನಿನ ಬಿಸ್ಮತ್

ಲ್ಯಾಂಡೌವಿನ ಲೆಕ್ಕ ಒಂದು ವಿಚಿತ್ರವಾದ ಫಲವನ್ನು ಸೂಚಿಸುತ್ತಿತ್ತು. ದೇವಸ್ಥಾನದ ಕಲ್ಯಾಣಿಯನ್ನು ಮನಸ್ಸಿಗೆ ತಂದುಕೊಳ್ಳಿ. ನೀರು ಒಂದು ಮಟ್ಟದಲ್ಲಿ ನಿಂತಿದೆ. ಕೆಳಗಿನ ಮೆಟ್ಟಿಲುಗಳು ಮುಳುಗಿವೆ, ಮೇಲಿನವು ಬರಿದಾಗಿವೆ. ಲೋಹದಲ್ಲಿ ಎಲೆಕ್ಟ್ರಾನುಗಳು ತುಂಬಿರುವ ಮಟ್ಟ ಈ ನೀರಿನ ಮಟ್ಟದಂತೆ. ಈಗ ಯಾವುದೋ ಮಾಯೆಯಿಂದ ಮೆಟ್ಟಿಲುಗಳೇ ಮೆಲ್ಲನೆ ಮೇಲೇರತೊಡಗಿದವೆಂದು ಭಾವಿಸೋಣ. ಒಂದೊಂದು ಮೆಟ್ಟಿಲು ನೀರಿನ ಮಟ್ಟವನ್ನು ದಾಟಿದಾಗಲೂ ಮೇಲ್ಮೈಯಲ್ಲಿ ಒಂದು ಕಲಕು ಏಳುತ್ತದೆ. ಅಂತೆಯೇ ಕ್ಷೇತ್ರವನ್ನು ಹೆಚ್ಚಿಸುತ್ತ ಹೋದರೆ ಲೋಹದ ಕಾಂತಗುಣವೂ ವಿದ್ಯುದ್ರೋಧವೂ ಒಂದೇ ಸಮನೆ ಏರದೆ ಏರಿಳಿಯಬೇಕು. ಇದನ್ನು ಲೆಕ್ಕದಲ್ಲಿ ಕಂಡ ಲ್ಯಾಂಡೌ, ಪ್ರಯೋಗದಲ್ಲಿ ಕ್ಷೇತ್ರ ಎಲ್ಲೆಡೆಯೂ ಒಂದೇ ಸಮನಾಗಿರಲು ಸಾಧ್ಯವಿಲ್ಲದ್ದರಿಂದ ಈ ಏರಿಳಿತ ಕಣ್ಣಿಗೆ ಬೀಳಲಾರದೆಂದು ಭಾವಿಸಿದನು.

ಆದರೆ ಅದೇ ೧೯೩೦ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಅದು ಕಣ್ಣಿಗೆ ಬಿದ್ದಿತು. ಅಲ್ಲಿ ಡಿ ಹಾಸ್ ಮತ್ತು ಅವನ ಶಿಷ್ಯ ವಾನ್ ಆಲ್ಫೆನ್ ಇಬ್ಬರೂ ಬಿಸ್ಮತ್ ಸ್ಫಟಿಕದ ಕಾಂತಗುಣದಲ್ಲಿ ಅಲೆಗಳನ್ನು ಕಂಡರು. ಡಿ ಹಾಸ್ ಮತ್ತು ಲೆವ್ ಶುಬ್ನಿಕೋವ್ ಅದೇ ಲೋಹದ ವಿದ್ಯುದ್ರೋಧದಲ್ಲಿ ಅಂಥವೇ ಅಲೆಗಳನ್ನು ಕಂಡರು. ಬಿಸ್ಮತ್ತನ್ನು ಅಸಾಧಾರಣವಾಗಿ ಶುದ್ಧಿಗೊಳಿಸಿದವನು ಶುಬ್ನಿಕೋವ್. ಆ ಶುದ್ಧಿಯಿಲ್ಲದಿದ್ದರೆ ಅಲೆಗಳು ಕಾಣುತ್ತಿರಲಿಲ್ಲ. ಸ್ವದೇಶಕ್ಕೆ ಮರಳಿದ ಅವನು ೧೯೩೭ರಲ್ಲಿ ಸ್ಟಾಲಿನ್ ಆಡಳಿತದ ಗುಂಡಿಗೆ ಬಲಿಯಾದನು. ಅವನ ಹೆಸರು ಇಂದಿಗೂ ಆ ಅಲೆಗಳೊಡನೆ ಸೇರಿಕೊಂಡು ಉಳಿದಿದೆ.

ಅಲೆಗಳು ಏನನ್ನು ಹೇಳುತ್ತವೆ ಎಂಬುದು ೧೯೫೨ರಲ್ಲಿ ಲಾರ್ಸ್ ಆನ್ಸಾಗರ್ ಬರೆದ ಪುಟ್ಟ ಪ್ರಬಂಧದಿಂದ ಸ್ಪಷ್ಟವಾಯಿತು. ಲೋಹದ ಎಲೆಕ್ಟ್ರಾನುಗಳ ಸಂವೇಗಗಳನ್ನೆಲ್ಲ ಒಂದು ಭೂಪಟದಲ್ಲಿ ಗುರುತಿಸಿದರೆ, ತುಂಬಿದ ಭಾಗವನ್ನೂ ಬರಿದಾದ ಭಾಗವನ್ನೂ ಬೇರ್ಪಡಿಸುವ ಒಂದು ಮೇಲ್ಮೈ ದೊರೆಯುತ್ತದೆ. ಇದಕ್ಕೆ ಫರ್ಮಿ ಮೇಲ್ಮೈ ಎಂದು ಹೆಸರು. ಲೋಹ ಹೇಗೆ ವಿದ್ಯುತ್ತನ್ನು ಒಯ್ಯುತ್ತದೆ, ಹೇಗೆ ಶಾಖವನ್ನು ಒಯ್ಯುತ್ತದೆ ಎಂಬುದೆಲ್ಲ ಈ ಮೇಲ್ಮೈಯ ಆಕಾರದಲ್ಲಿ ಅಡಗಿದೆ. ಅಲೆಗಳು ಎಷ್ಟು ಒತ್ತೊತ್ತಾಗಿ ಬರುತ್ತವೆಂಬುದನ್ನು ಎಣಿಸಿದರೆ, ಕ್ಷೇತ್ರಕ್ಕೆ ಅಡ್ಡಲಾಗಿ ಕತ್ತರಿಸಿದಾಗ ಆ ಮೇಲ್ಮೈಯ ಕೊಯ್ತದ ವಿಸ್ತೀರ್ಣ ಎಷ್ಟೆಂಬುದು ತಿಳಿಯುತ್ತದೆಂದು ಆನ್ಸಾಗರ್ ತೋರಿಸಿದನು. ಸ್ಫಟಿಕವನ್ನು ತಿರುಗಿಸಿ ತಿರುಗಿಸಿ ಅಳೆದರೆ ಬೇರೆ ಬೇರೆ ದಿಕ್ಕಿನ ಕೊಯ್ತಗಳು ಸಿಕ್ಕುತ್ತವೆ. ಹಣ್ಣನ್ನು ಹೊರಗಿನಿಂದ ನೋಡದೆ ಬರಿಯ ಹೋಳುಗಳಿಂದಲೇ ಅದರ ಆಕಾರವನ್ನು ಊಹಿಸಿದಂತೆ. ೧೯೫೦ರ ದಶಕದ ಕೊನೆಗೆ ಕೇಂಬ್ರಿಜಿನ ಪಿಪ್ಪಾರ್ಡ್ ಬೇರೊಂದು ವಿಧಾನದಿಂದ ತಾಮ್ರದ ಮೇಲ್ಮೈಯನ್ನು ಚಿತ್ರಿಸಿದನು. ಡೇವಿಡ್ ಶೋನ್‌ಬರ್ಗ್ ಕ್ಷಣಿಕವಾದ ಬಲಿಷ್ಠ ಕ್ಷೇತ್ರಗಳಲ್ಲಿ ಅಲೆಗಳನ್ನು ಎಣಿಸಿ ಅದನ್ನು ದೃಢಪಡಿಸಿದನು. ಗೋಲದ ಎಂಟು ಕಡೆಗಳಲ್ಲಿ ಕತ್ತು ಚಾಚಿದಂಥ ಆಕಾರ ಅದು. ಎಂಟು ಮೂತಿಗಳ ಗಿಂಡಿ ಎನ್ನಬಹುದು. ನಮ್ಮ ಮನೆಯ ತಂತಿಯೊಳಗಿನ ತಾಮ್ರ ಈ ಗಿಂಡಿಯನ್ನು ಹೊತ್ತಿದೆ.

ಸಿಡಿಯುವ ಸುರುಳಿಗಳು

ಈ ಕ್ಷೇತ್ರಗಳನ್ನು ಉಂಟುಮಾಡುವುದು ಸುಲಭವಲ್ಲ. ಕಬ್ಬಿಣದ ತಿರುಳು ಎರಡು ಟೆಸ್ಲಾದ ಆಸುಪಾಸಿನಲ್ಲಿ ತೃಪ್ತವಾಗಿಬಿಡುತ್ತದೆ. ಅಲ್ಲಿಂದ ಮುಂದೆ ಬರಿಯ ಸುರುಳಿಯಲ್ಲಿ ಅಪಾರ ವಿದ್ಯುತ್ತನ್ನು ಹರಿಯಿಸಬೇಕು. ಆಗ ಎರಡು ಶತ್ರುಗಳು ಎದುರಾಗುತ್ತವೆ. ಒಂದು, ಶಾಖ. ಇನ್ನೊಂದು, ಕ್ಷೇತ್ರವೇ ಸುರುಳಿಯನ್ನು ಹೊರಕ್ಕೆ ನೂಕುವ ಒತ್ತಡ. ಒಂದು ಟೆಸ್ಲಾದಲ್ಲಿ ಈ ಒತ್ತಡ ವಾಯುಭಾರದ ನಾಲ್ಕರಷ್ಟು ಮಾತ್ರ. ಆದರೆ ಅದು ಕ್ಷೇತ್ರದ ವರ್ಗದಂತೆ ಬೆಳೆಯುತ್ತದೆ. ೧೦೦ ಟೆಸ್ಲಾದಲ್ಲಿ ಅದು ವಾಯುಭಾರದ ಸುಮಾರು ೪೦,೦೦೦ ಪಟ್ಟು. ಸಾಗರದ ಅತ್ಯಂತ ಆಳದಲ್ಲಿರುವ ಒತ್ತಡಕ್ಕಿಂತ ಮೂವತ್ತು ಪಟ್ಟಿಗೂ ಮಿಗಿಲು.

ಈ ಶತ್ರುಗಳನ್ನು ಮೊದಲು ಎದುರಿಸಿದ ಧೀರ ಪ್ಯೋತರ್ ಕಪಿಟ್ಸ. ರಷ್ಯದಿಂದ ೧೯೨೧ರಲ್ಲಿ ಕೇಂಬ್ರಿಜಿಗೆ ಬಂದು ರುದರ್‌ಫೋರ್ಡನ ಶಿಷ್ಯನಾದ ಅವನ ಯುಕ್ತಿ ಸರಳವಾದುದು: ಸುರುಳಿ ಕಾದು ಕರಗುವುದಕ್ಕೆ ಮುಂಚೆಯೇ ಪ್ರಯೋಗ ಮುಗಿದುಹೋಗಲಿ. ದೊಡ್ಡ ವಿದ್ಯುಜ್ಜನಕವೊಂದನ್ನು ವೇಗವಾಗಿ ತಿರುಗಿಸಿ, ಸೆಕೆಂಡಿನ ನೂರರಲ್ಲೊಂದು ಪಾಲಿನಷ್ಟು ಹೊತ್ತು ಅದರ ಶಕ್ತಿಯನ್ನೆಲ್ಲ ಸುರುಳಿಯೊಳಕ್ಕೆ ಸುರಿಯುತ್ತಿದ್ದನು. ಅಷ್ಟು ಹಠಾತ್ತಾಗಿ ತಡೆದ ಯಂತ್ರ ನೆಲವನ್ನೇ ನಡುಗಿಸುತ್ತಿತ್ತು. ಅದಕ್ಕಾಗಿ ಅವನು ಸುರುಳಿಯನ್ನು ಯಂತ್ರದಿಂದ ಸುಮಾರು ೨೦ ಮೀಟರ್ ದೂರದಲ್ಲಿಟ್ಟನು. ನೆಲದ ನಡುಕ ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಅಳತೆ ಮುಗಿದಿರುತ್ತಿತ್ತು! ೧೯೨೫ರ ಕೊನೆಯಲ್ಲಿ ೨೭ ಟೆಸ್ಲಾ ದಾಟಿದಾಗ ಸುರುಳಿ ಭಾರಿ ಸದ್ದಿನೊಡನೆ ಸಿಡಿಯಿತು. ಪ್ರವಾಸದಲ್ಲಿದ್ದ ಗುರುವಿಗೆ ಅವನು ಬರೆದ ಪತ್ರದಲ್ಲಿ ದುಃಖದ ಸುಳಿವಿಲ್ಲ. ಸಿಡಿತವೇ ಎಲ್ಲಕ್ಕಿಂತ ಸ್ವಾರಸ್ಯವಾದ ಪ್ರಯೋಗವಾಯಿತೆಂಬ ಭಾವವಿದೆ. ಕೆಲವೇ ವರ್ಷಗಳಲ್ಲಿ ಅವನು ೩೦ ಟೆಸ್ಲಾವನ್ನು ದಾಟಿದನು.

ಕಪಿಟ್ಸನ ದಾರಿ ಇಂದು ಎರಡಾಗಿ ಕವಲೊಡೆದಿದೆ. ಸದಾ ನಿಲ್ಲುವ ಕ್ಷೇತ್ರ ಬೇಕೆಂದರೆ, ೧೯೩೦ರ ದಶಕದಲ್ಲಿ ಅಮೆರಿಕದ ಫ್ರಾನ್ಸಿಸ್ ಬಿಟ್ಟರ್ ಕಲ್ಪಿಸಿದ ವಿಧಾನವುಂಟು. ತಾಮ್ರದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ, ಅವುಗಳಲ್ಲಿ ಕೊರೆದ ನೂರಾರು ರಂಧ್ರಗಳ ಮೂಲಕ ನೀರನ್ನು ರಭಸದಿಂದ ನುಗ್ಗಿಸಿ ಶಾಖವನ್ನು ಹೊರಹಾಕುತ್ತಾರೆ. ಅಮೆರಿಕದ ಫ್ಲಾರಿಡ ಪ್ರಾಂತದ ಟಾಲಹಾಸಿಯಲ್ಲಿರುವ ರಾಷ್ಟ್ರೀಯ ಪ್ರಯೋಗಶಾಲೆಯಲ್ಲಿ ಇಂಥ ಸುರುಳಿಯ ಸುತ್ತ ಅತಿವಾಹಕದ ಇನ್ನೊಂದು ಸುರುಳಿಯನ್ನು ಕೂಡಿಸಿ ೪೫ ಟೆಸ್ಲಾವನ್ನು ನಿಲ್ಲಿಸಿದರು. ಚೀನದ ಹೆಫೈ ನಗರದ ಪ್ರಯೋಗಶಾಲೆ ೨೦೨೨ರಲ್ಲಿ ೪೫.೨೨ ಟೆಸ್ಲಾ ಸಾಧಿಸಿತು. ಕ್ಷಣಿಕ ಕ್ಷೇತ್ರವೇ ಸಾಕೆಂದರೆ ಇನ್ನೂ ಮೇಲೇರಬಹುದು. ೨೦೧೨ರಲ್ಲಿ ಲಾಸ್ ಅಲಮಾಸ್‌ನಲ್ಲಿ ಸುರುಳಿ ಒಡೆಯದಂತೆಯೇ ೧೦೦ ಟೆಸ್ಲಾವನ್ನು ದಾಟಿದರು. ಸುರುಳಿ ಒಡೆದರೂ ಒಡೆಯಲಿ ಎಂದ ಟೋಕಿಯೊ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ೨೦೧೮ರಲ್ಲಿ ಮುಟ್ಟಿದ್ದು ೧೨೦೦ ಟೆಸ್ಲಾ.

ಗ್ರೆನೋಬಲ್ಲಿನ ಒಂದು ರಾತ್ರಿ

ಇಷ್ಟು ಶ್ರಮಕ್ಕೆ ಪ್ರತಿಫಲವೇನು? ಈಗ ನಾವು ಹಾಲ್ ಪ್ರಯೋಗಕ್ಕೆ ಹಿಂದಿರುಗೋಣ. ಎಡ್ವಿನ್ ಹಾಲ್ ಎಂಬ ಅಮೆರಿಕದ ವಿದ್ಯಾರ್ಥಿ ೧೮೭೯ರಲ್ಲಿ ಚಿನ್ನದ ತೆಳುರೇಕಿನಲ್ಲಿ ಅದನ್ನು ಮೊದಲು ಮಾಡಿದನು. ೧೯೮೦ರ ಫೆಬ್ರವರಿ ೫ರ ಬೆಳಗಿನ ಜಾವ, ಜರ್ಮನಿಯ ಕ್ಲಾಸ್ ಫಾನ್ ಕ್ಲಿಟ್ಸಿಂಗ್ ಫ್ರಾನ್ಸಿನ ಗ್ರೆನೋಬಲ್ ನಗರದ ಕಾಂತಕ್ಷೇತ್ರ ಪ್ರಯೋಗಶಾಲೆಯಲ್ಲಿ ಅದೇ ಪ್ರಯೋಗದಲ್ಲಿ ತೊಡಗಿದ್ದನು. ಅವನ ಬಿಲ್ಲೆ ಸಿಲಿಕಾನಿನದು; ಅದರ ಮೇಲ್ಪದರದಲ್ಲಿ ಎಲೆಕ್ಟ್ರಾನುಗಳು ಒಂದೇ ಸಮತಲದಲ್ಲಿ ಮಾತ್ರ ಓಡಾಡಬಲ್ಲವಾಗಿದ್ದವು. ಕ್ಷೇತ್ರ ಸುಮಾರು ೧೮ ಟೆಸ್ಲಾ. ಹಾಲ್ ರೋಧದ ರೇಖೆ ಅಲ್ಲಲ್ಲಿ ಸಮತಟ್ಟಾಗಿ ನಿಲ್ಲುತ್ತಿತ್ತು.

ಇಂಥ ಸಮತಟ್ಟುಗಳನ್ನು ಅದಕ್ಕೆ ಮೊದಲೂ ಕೆಲವರು ಕಂಡಿದ್ದರು. ಫಾನ್ ಕ್ಲಿಟ್ಸಿಂಗ್ ಕೇಳಿದ ಪ್ರಶ್ನೆ ಇನ್ನೊಂದು: ಈ ಸಮತಟ್ಟಿನ ಎತ್ತರ ಖಚಿತವಾಗಿ ಎಷ್ಟು? ಉತ್ತರ ಬೆರಗು ಹುಟ್ಟಿಸುವಂಥದು. ಎಲ್ಲ ಮೆಟ್ಟಿಲುಗಳೂ ಒಂದೇ ಸಂಖ್ಯೆಯನ್ನು, ಅಂದರೆ ೨೫೮೧೨.೮೦೭ ಓಮ್ ಎಂಬುದನ್ನು, ೨, ೩, ೪ ಮೊದಲಾದ ಪೂರ್ಣಾಂಕಗಳಿಂದ ಭಾಗಿಸಿದಷ್ಟು ಎತ್ತರದಲ್ಲಿದ್ದವು. ಈ ಸಂಖ್ಯೆ ಪ್ಲಾಂಕ್ ಸ್ಥಿರಾಂಕವನ್ನು ಎಲೆಕ್ಟ್ರಾನಿನ ವಿದ್ಯುದಂಶದ ವರ್ಗದಿಂದ ಭಾಗಿಸಿದರೆ ಬರತಕ್ಕದ್ದು. ಸಿಲಿಕಾನಿನ ಹೆಸರಿಲ್ಲ, ಬಿಲ್ಲೆಯ ಉದ್ದಗಲವಿಲ್ಲ. ನಿಸರ್ಗದ ಎರಡು ಮೂಲಸ್ಥಿರಾಂಕಗಳು ಮಾತ್ರ.

ಇದು ಹೇಗೆ ಬಂದಿತು? ಒಂದೊಂದು ಮೆಟ್ಟಿಲಿನ ಮೇಲೂ ನಿಲ್ಲಬಹುದಾದ ಎಲೆಕ್ಟ್ರಾನುಗಳ ಸಂಖ್ಯೆ ಕ್ಷೇತ್ರಕ್ಕೆ ಅನುಗುಣವೆಂದು ಹೇಳಿದ್ದೆವಲ್ಲವೆ? ಹಾಲ್ ರೋಧವಾದರೋ ಕ್ಷೇತ್ರವನ್ನು ಎಲೆಕ್ಟ್ರಾನುಗಳ ಸಂಖ್ಯೆಯಿಂದ ಭಾಗಿಸಿದ್ದಕ್ಕೆ ಅನುಗುಣ. ಕೆಲವು ಮೆಟ್ಟಿಲುಗಳು ಪೂರ್ತಿ ತುಂಬಿ ಉಳಿದವು ಪೂರ್ತಿ ಬರಿದಾಗಿದ್ದರೆ, ಭಾಗಾಕಾರದಲ್ಲಿ ಕ್ಷೇತ್ರ ಮೇಲೂ ಕೆಳಗೂ ಬಂದು ಹೊಡೆದುಹೋಗುತ್ತದೆ. ತುಂಬಿದ ಮೆಟ್ಟಿಲುಗಳ ಎಣಿಕೆಯೂ ಸ್ಥಿರಾಂಕಗಳೂ ಮಾತ್ರ ಉಳಿಯುತ್ತವೆ. ಸ್ವಾರಸ್ಯವೆಂದರೆ, ಬಿಲ್ಲೆಯಲ್ಲಿ ಒಂದಿಷ್ಟು ಕಸರು ಇದ್ದರೇ ಮೆಟ್ಟಿಲು ಅಗಲವಾಗಿ ಕಾಣುತ್ತದೆ. ಹೆಚ್ಚುಕಡಿಮೆಯಾದ ಎಲೆಕ್ಟ್ರಾನುಗಳು ಆ ಕಸರಿಗೆ ಸಿಕ್ಕಿಕೊಂಡು ಕದಲದೆ ನಿಂತು, ಲೆಕ್ಕವನ್ನು ಕೆಡಿಸದೆ ಬಿಡುತ್ತವೆ. ದೋಷವುಳ್ಳ ಪದಾರ್ಥದಿಂದ ನಿರ್ದುಷ್ಟವಾದ ಸಂಖ್ಯೆ!

ಫಾನ್ ಕ್ಲಿಟ್ಸಿಂಗ್‌ಗೆ ೧೯೮೫ರಲ್ಲಿ ನೊಬೆಲ್ ಬಹುಮಾನ ಬಂದಿತು. ೧೯೯೦ರಿಂದ ಜಗತ್ತಿನ ಪ್ರಮಾಣ ಪ್ರಯೋಗಶಾಲೆಗಳು ಓಮ್ ಎಂಬ ಮಾನವನ್ನು ಈ ಮೆಟ್ಟಿಲಿಗೆ ಹೋಲಿಸಿ ನೋಡತೊಡಗಿದವು. ೨೦೧೯ರ ಮೇ ೨೦ರಂದು ಜಾರಿಗೆ ಬಂದ ಹೊಸ ಮಾನವ್ಯವಸ್ಥೆಯಲ್ಲಿ ಪ್ಲಾಂಕ್ ಸ್ಥಿರಾಂಕಕ್ಕೂ ಎಲೆಕ್ಟ್ರಾನಿನ ವಿದ್ಯುದಂಶಕ್ಕೂ ನಿಶ್ಚಿತ ಬೆಲೆಗಳನ್ನು ಕಟ್ಟಿದ್ದರಿಂದ ಈ ಸಂಖ್ಯೆಯೂ ನಿಶ್ಚಿತವಾಯಿತು. ಇಂಗಾಲದ ಒಂದೇ ಪದರವಾದ ಗ್ರಾಫೀನಿನಲ್ಲಿಯೂ ೨೦೦೫ರಲ್ಲಿ ಮೆಟ್ಟಿಲುಗಳು ಕಂಡವು. ಅಲ್ಲಿ ಎಲೆಕ್ಟ್ರಾನು ತೂಕವೇ ಇಲ್ಲದಂತೆ ವರ್ತಿಸುವುದರಿಂದ ಮೆಟ್ಟಿಲುಗಳು ಬಹಳ ಎತ್ತರವಾಗಿರುತ್ತವೆ; ೪೫ ಟೆಸ್ಲಾದಲ್ಲಿ ಸಾಮಾನ್ಯ ಕೊಠಡಿಯ ಉಷ್ಣತೆಯಲ್ಲಿಯೂ ಅವು ಅಳಿಯಲಿಲ್ಲವೆಂಬುದು ೨೦೦೭ರಲ್ಲಿ ತಿಳಿಯಿತು.

ಪೂರ್ಣಾಂಕದ ನಡುವೆ ಭಿನ್ನರಾಶಿ

ಪೂರ್ಣಾಂಕಗಳ ಕಥೆ ಮುಗಿಯಿತೆನ್ನುವಷ್ಟರಲ್ಲಿ ೧೯೮೨ರಲ್ಲಿ ಡೇನಿಯಲ್ ತ್ಸೂಯಿ, ಹಾರ್ಸ್ಟ್ ಸ್ಟಾರ್ಮರ್ ಮತ್ತು ಆರ್ಥರ್ ಗೊಸ್ಸಾರ್ಡ್ ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು. ಬಹು ಶುದ್ಧವಾದ ಗ್ಯಾಲಿಯಮ್ ಆರ್ಸೆನೈಡ್ ಬಿಲ್ಲೆಯಲ್ಲಿ, ಇನ್ನೂ ಕೆಳಗಿನ ಉಷ್ಣತೆಯಲ್ಲಿ, ಮೊದಲ ಮೆಟ್ಟಿಲಿನ ಮೂರನೆಯ ಒಂದು ಪಾಲು ಮಾತ್ರ ತುಂಬಿದ್ದಾಗಲೂ ಒಂದು ಸಮತಟ್ಟು ಕಂಡಿತು. ಒಂಟಿ ಎಲೆಕ್ಟ್ರಾನುಗಳ ಲೆಕ್ಕದಲ್ಲಿ ಇದಕ್ಕೆ ಸ್ಥಳವೇ ಇಲ್ಲ. ಎಲೆಕ್ಟ್ರಾನುಗಳು ಒಂದನ್ನೊಂದು ದೂರವಿಡುತ್ತ, ಎಲ್ಲವೂ ಕೂಡಿ ಒಂದು ಹೊಸ ಬಗೆಯ ದ್ರವವಾಗುತ್ತವೆಂದೂ, ಆ ದ್ರವದಲ್ಲೇಳುವ ಕದಲಿಕೆ ಎಲೆಕ್ಟ್ರಾನಿನ ವಿದ್ಯುದಂಶದ ಮೂರರಲ್ಲೊಂದು ಪಾಲನ್ನು ಹೊತ್ತಿರುತ್ತದೆಂದೂ ರಾಬರ್ಟ್ ಲಾಫ್ಲಿನ್ ೧೯೮೩ರಲ್ಲಿ ವಿವರಿಸಿದನು. ಎಲೆಕ್ಟ್ರಾನು ಒಡೆದಿಲ್ಲ, ಗುಂಪು ಹಾಗೆ ನಡೆದುಕೊಳ್ಳುತ್ತದೆ. ೧೯೯೭ರಲ್ಲಿ ಆ ಮೂರನೆಯ ಪಾಲನ್ನು ಪ್ರಯೋಗದಿಂದಲೇ ಅಳೆದರು. ಆಮೇಲೆ ಕಂಡ ಹಲವಾರು ಭಿನ್ನರಾಶಿಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿದ ಕೀರ್ತಿ ಭಾರತದಲ್ಲಿ ಹುಟ್ಟಿದ ಜೈನೇಂದ್ರ ಜೈನ್ ಅವರದು. ಅವರ ೧೯೮೯ರ ಆ ಸಿದ್ಧಾಂತಕ್ಕೆ ೨೦೨೫ರ ವುಲ್ಫ್ ಬಹುಮಾನದಲ್ಲಿ ಪಾಲು ದೊರೆಯಿತು.

ಒಂಟಿಯಾಗಿ ಪರೀಕ್ಷಿಸಿದರೆ ಕಾಣದೆ, ಕೂಡಿದಾಗ ಮಾತ್ರ ಕಾಣುವ ಇಂಥ ಗುಣಗಳುಳ್ಳ ಪದಾರ್ಥಗಳನ್ನು ಇಂದು ಕ್ವಾಂಟಮ್ ಪದಾರ್ಥಗಳೆಂದು ಕರೆಯುವುದುಂಟು. ಇವುಗಳಲ್ಲಿ ಅತ್ಯಂತ ಹಟಮಾರಿಯಾದ ಒಗಟು ತಾಮ್ರದ ಆಕ್ಸೈಡುಗಳದು.

ಅತಿವಾಹಕದ ಮುಸುಕು ತೆಗೆದಾಗ

ವಿದ್ಯುದ್ರೋಧವೇ ಇಲ್ಲದ ಅತಿವಾಹಕ ಸ್ಥಿತಿ ೧೯೧೧ರಿಂದಲೂ ತಿಳಿದದ್ದು; ಆದರೆ ಅದು ಬಹು ಕೆಳಗಿನ ಉಷ್ಣತೆಗಳಿಗೆ ಸೀಮಿತವಾಗಿತ್ತು. ೧೯೮೬ರಲ್ಲಿ ಬೆಡ್ನೋರ್ಟ್ಸ್ ಮತ್ತು ಮ್ಯೂಲರ್ ತಾಮ್ರದ ಒಂದು ಆಕ್ಸೈಡಿನಲ್ಲಿ ಅದನ್ನು ಹಿಂದಿಗಿಂತ ಮೇಲಿನ ಉಷ್ಣತೆಯಲ್ಲಿ ಕಂಡರು. ಮರುವರ್ಷವೇ ಯಿಟ್ರಿಯಮ್, ಬೇರಿಯಮ್, ತಾಮ್ರಗಳ ಆಕ್ಸೈಡು ದ್ರವ ನೈಟ್ರೊಜನ್ನಿನ ಉಷ್ಣತೆಗಿಂತ ಮೇಲೆಯೂ ಅತಿವಾಹಕವಾಯಿತು. ಇದು ಹೇಗೆ ಸಾಧ್ಯವೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಚರ್ಚೆಯ ತಳದಲ್ಲಿದ್ದ ಪ್ರಶ್ನೆ ಇದು: ಈ ಪದಾರ್ಥಗಳಲ್ಲಿ, ಅದರಲ್ಲೂ ವಾಹಕಗಳು ವಿರಳವಾಗಿರುವ ಬಗೆಗಳಲ್ಲಿ, ಸಾಧಾರಣ ಲೋಹದಲ್ಲಿರುವಂಥ ಫರ್ಮಿ ಮೇಲ್ಮೈ ಇದೆಯೇ ಇಲ್ಲವೆ?

ಕೇಳುವುದು ಸುಲಭ, ನೋಡುವುದು ಕಷ್ಟ. ತಣ್ಣಗಾಗಿಸಿದರೆ ಅತಿವಾಹಕತೆ ಮುಸುಕಿನಂತೆ ಕವಿದು ಒಳಗಿರುವುದನ್ನು ಮರೆಮಾಡುತ್ತದೆ. ಮುಸುಕು ಸರಿಯುವವರೆಗೆ ಕಾಯಿಸಿದರೆ ಉಷ್ಣದ ಗದ್ದಲದಲ್ಲಿ ಅಲೆಗಳು ಅಳಿಸಿಹೋಗುತ್ತವೆ. ಶೈತ್ಯ ಹಾಗೆಯೇ ಇರಬೇಕು, ಮುಸುಕೂ ಹೋಗಬೇಕು. ಅದಕ್ಕೆ ಇರುವ ದಾರಿ ಅತಿವಾಹಕತೆಯನ್ನೇ ಮುರಿಯಬಲ್ಲ ಕಾಂತಕ್ಷೇತ್ರ. ೨೦೦೭ರಲ್ಲಿ ಕೆನಡದಲ್ಲಿ ಬೆಳೆಸಿದ ಅತಿಶುದ್ಧ ಸ್ಫಟಿಕಗಳನ್ನು ಫ್ರಾನ್ಸಿನ ಟುಲೂಸ್ ನಗರದ ಪ್ರಯೋಗಶಾಲೆಯಲ್ಲಿ ೬೨ ಟೆಸ್ಲಾದವರೆಗಿನ ಕ್ಷಣಿಕ ಕ್ಷೇತ್ರಕ್ಕೆ ಒಡ್ಡಿದರು. ಹಾಲ್ ರೋಧದ ರೇಖೆಯಲ್ಲಿ ಅಲೆಗಳು ಎದ್ದವು. ಎರಡು ದಶಕಗಳ ಸಂದೇಹಕ್ಕೆ ಸಿಕ್ಕ ಉತ್ತರ: ಮೇಲ್ಮೈ ಇದೆ.

ಆದರೆ ಅಲೆಗಳನ್ನು ಎಣಿಸಿದಾಗ ಹೊಸ ಸಮಸ್ಯೆ ಹುಟ್ಟಿತು. ಮೇಲ್ಮೈ ತೀರ ಪುಟ್ಟದು. ಸಂವೇಗಗಳ ಭೂಪಟದ ಒಂದು ಪೂರ್ಣ ಮನೆಯಲ್ಲಿ ನೂರಕ್ಕೆ ಎರಡರಷ್ಟು ಮಾತ್ರ. ವಾಹಕಗಳು ಹೆಚ್ಚಾಗಿರುವ ಥ್ಯಾಲಿಯಮ್ಮಿನ ಇನ್ನೊಂದು ತಾಮ್ರ ಆಕ್ಸೈಡಿನಲ್ಲಿ ೨೦೦೮ರಲ್ಲಿ ಅಳೆದಾಗ ಅದು ನೂರಕ್ಕೆ ಸುಮಾರು ೬೫ರಷ್ಟು ಕಂಡಿತು. ದೊಡ್ಡ ಕೆರೆ ಒಡೆದು ಸಣ್ಣ ಹೊಂಡಗಳಾದದ್ದು ಹೇಗೆ? ಯಾವುದೋ ಒಂದು ಹೊಸ ವಿನ್ಯಾಸ ಎಲೆಕ್ಟ್ರಾನುಗಳ ನಡುವೆ ತಲೆಯೆತ್ತಿ ಭೂಪಟವನ್ನು ಮಡಿಸಿರಬೇಕೆಂದು ಊಹಿಸಿದರು. ೨೦೧೧ರಲ್ಲಿ ಗ್ರೆನೋಬಲ್ಲಿನ ಬಲಿಷ್ಠ ಕ್ಷೇತ್ರದಲ್ಲಿ ಪರಮಾಣುಬೀಜಗಳ ಅನುರಣನವನ್ನು ಅಳೆದಾಗ, ವಿದ್ಯುದಂಶಗಳು ಪಟ್ಟೆಪಟ್ಟೆಯಾಗಿ ಓರಣಗೊಳ್ಳುವ ಲಕ್ಷಣ ಕಂಡುಬಂದಿತು. ಈ ಓರಣ ಅತಿವಾಹಕತೆಗೆ ಪ್ರತಿಸ್ಪರ್ಧಿಯೆಂದು ಇಂದು ಬಹುಮಂದಿ ಎಣಿಸುತ್ತಾರೆ. ಒಗಟು ಪೂರ್ತಿ ಬಿಡಿಸಿಲ್ಲ. ಆದರೆ ಒಳಗೆ ಏನಿದೆಯೆಂಬ ವಿಷಯದಲ್ಲಿ ಊಹೆಯ ಜಾಗದಲ್ಲಿ ಅಳತೆ ಬಂದು ಕುಳಿತಿದೆ.

ಇನ್ನೂ ಉಳಿದಿರುವುದು

ಬಲಿಷ್ಠ ಕ್ಷೇತ್ರ ಎಲ್ಲ ವೇಳೆಯಲ್ಲಿಯೂ ಪ್ರಶ್ನೆಗೆ ಉತ್ತರವನ್ನೇ ಕೊಡುತ್ತದೆಂದಲ್ಲ; ಒಮ್ಮೊಮ್ಮೆ ಉತ್ತರವೆಂದು ನಂಬಿದ್ದನ್ನೇ ಪ್ರಶ್ನೆಯಾಗಿಸುತ್ತದೆ. ಸಮೇರಿಯಮ್ ಹೆಕ್ಸಬೋರೈಡ್ ಎಂಬುದು ಶೈತ್ಯದಲ್ಲಿ ವಿದ್ಯುತ್ತನ್ನು ತಡೆಯುವ ಪದಾರ್ಥ. ಫರ್ಮಿ ಮೇಲ್ಮೈ ಲೋಹಗಳ ಸೊತ್ತು. ನಿರೋಧಕದಲ್ಲಿ ಅದರ ಅಲೆಗಳು ಇರಕೂಡದು. ಹೀಗಿದ್ದರೂ ಭಾರತಸಂಜಾತೆ ಸುಚಿತ್ರಾ ಸೆಬಾಸ್ಟಿಯನ್ ಅವರ ಕೇಂಬ್ರಿಜ್ ತಂಡ, ೪೫ ಟೆಸ್ಲಾದವರೆಗಿನ ಕ್ಷೇತ್ರಗಳಲ್ಲಿ ಆ ಸ್ಫಟಿಕದ ಒಡಲಿನಿಂದಲೇ ಅಲೆಗಳು ಬರುತ್ತವೆಂದು ೨೦೧೫ರಲ್ಲಿ ಪ್ರಕಟಿಸಿತು. ಅಲೆಗಳು ಸ್ಫಟಿಕದ ಮೇಲ್ಪದರದಿಂದ ಬರುತ್ತವೆಂಬ ವಾದವೂ ಇದೆ. ವಿವಾದ ಇನ್ನೂ ಬಗೆಹರಿದಿಲ್ಲ. ಯುರೇನಿಯಮ್ ಡೈಟೆಲ್ಲುರೈಡಿನ ಕಥೆ ಇದಕ್ಕಿಂತ ವಿಲಕ್ಷಣ. ಕಾಂತಕ್ಷೇತ್ರ ಅತಿವಾಹಕತೆಯನ್ನು ಕೊಲ್ಲುತ್ತದೆಂದು ಈಗಷ್ಟೇ ಹೇಳಿದೆವು. ೨೦೧೯ರಲ್ಲಿ ಈ ಪದಾರ್ಥದಲ್ಲಿ, ಕ್ಷೇತ್ರವನ್ನು ಒಂದು ನಿಶ್ಚಿತ ಓರೆಯಲ್ಲಿ ಹಿಡಿದಾಗ, ೪೦ ಟೆಸ್ಲಾಕ್ಕಿಂತ ಮೇಲೆ ಅತಿವಾಹಕತೆ ಮತ್ತೆ ಹುಟ್ಟಿ ಸುಮಾರು ೬೫ ಟೆಸ್ಲಾದವರೆಗೆ ಬದುಕಿರುವುದು ಕಂಡಿತು.

ಇದರಿಂದ ಪ್ರಯೋಜನವೇನೆಂದು ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಓಮ್ ಮಾನದ ಸಂಗತಿಯನ್ನು ಹೇಳಿದ್ದೇವೆ. ಇನ್ನೊಂದನ್ನು ಹೇಳಬಹುದು. ಟಾಲಹಾಸಿಯ ಪ್ರಯೋಗಶಾಲೆಯಲ್ಲಿ ೨೦೧೯ರಲ್ಲಿ ೪೫.೫ ಟೆಸ್ಲಾವನ್ನು ಮುಟ್ಟಿದ ಒಂದು ಸುರುಳಿಯ ತೂಕ ೩೯೦ ಗ್ರಾಂ ಮಾತ್ರ. ಅದನ್ನು ೩೧.೧ ಟೆಸ್ಲಾದ ದೊಡ್ಡ ಅಯಸ್ಕಾಂತದೊಳಗೆ ಇಟ್ಟಾಗ ಉಳಿದ ೧೪.೪ ಟೆಸ್ಲಾವನ್ನು ಆ ಪುಟ್ಟ ಸುರುಳಿಯೇ ಕೂಡಿಸಿತು. ಅದನ್ನು ಸುತ್ತಿದ್ದು ತಾಮ್ರದ ಆಕ್ಸೈಡ್ ಅತಿವಾಹಕದ ಪಟ್ಟಿಯಿಂದ. ಟುಲೂಸಿನಲ್ಲಿ ಅಯಸ್ಕಾಂತದೊಳಗೆ ಪರೀಕ್ಷೆಗೊಳಗಾದ ಪದಾರ್ಥದ ಕುಲಕ್ಕೆ ಸೇರಿದ್ದೇ ಅದು. ಅಯಸ್ಕಾಂತದಲ್ಲಿ ಪರೀಕ್ಷೆಗೆ ನಿಂತ ಪದಾರ್ಥವೇ ಮುಂದಿನ ಅಯಸ್ಕಾಂತಕ್ಕೆ ಸಾಮಗ್ರಿಯಾಗುತ್ತಿದೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ಲೈಡನ್ನಿನಲ್ಲಿ ಅಲೆಯನ್ನು ಕಂಡವರೂ ಗ್ರೆನೋಬಲ್ಲಿನಲ್ಲಿ ಸಮತಟ್ಟನ್ನು ಅಳೆದವನೂ ರೇಖೆಯನ್ನು ನಯಗೊಳಿಸಲಿಲ್ಲ. ನಮ್ಮ ಕಾಲೇಜಿನ ಅರ್ಧ ಟೆಸ್ಲಾದಲ್ಲಿ ಸಾಲು ಬಿಟ್ಟು ನಿಂತ ಚುಕ್ಕೆ ಬಹುಶಃ ಸಡಿಲವಾದ ತಂತಿಯಿಂದಲೇ ಬಂದಿರುತ್ತದೆ. ನೊಬೆಲ್ ಬಹುಮಾನ ಅದರ ಹಿಂದೆ ಅಡಗಿರುವುದಿಲ್ಲ. ಆದರೂ ಅದನ್ನು ಅಳಿಸಬೇಡಿ. ತಂತಿಯನ್ನು ಬಿಗಿಮಾಡಿ ಮತ್ತೆ ಅಳೆಯಿರಿ. ಚುಕ್ಕೆ ರೇಖೆಗೆ ಬಂದರೆ ನಿಮ್ಮ ತಪ್ಪು ನಿಮಗೆ ತಿಳಿಯಿತು. ಮತ್ತೆ ಅಲ್ಲಿಯೇ ನಿಂತರೆ, ಅಧ್ಯಾಪಕರನ್ನು ಕರೆಯಿರಿ. ಈಗ ನಮ್ಮ ಪ್ರಯೋಗಶಾಲೆಯಲ್ಲಿ ದಾಖಲೆಯ ಪುಸ್ತಕವನ್ನು ನೋಡುವಾಗ, ಎಲ್ಲ ಚುಕ್ಕೆಗಳೂ ರೇಖೆಯ ಮೇಲೆಯೇ ಕುಳಿತಿರುವ ಗ್ರಾಫನ್ನು ಕಂಡರೆ ನಾವು ಕಾಗದವನ್ನು ಬೆಳಕಿಗೆ ಹಿಡಿದು, ರಬ್ಬರಿನ ಗುರುತು ಇದೆಯೇ ಎಂದು ನೋಡುತ್ತೇವೆ.